ಮಾಲೆ ತೆಗೆದ ಮಾರನೆಯ ದಿನ

ನಮ್ಮ ಕಡೆ ಮಾತಿನಲ್ಲಿ ಕುಡಿಯುವವರು ಎರಡೇ ಬಗೆ. ಒಬ್ಬ ಕುಡುಕ: ಬೀದಿಯಲ್ಲಿ ಬಿದ್ದಿರುವವನು, ಹೆಂಡತಿಯ ತಾಳಿ ಅಡವಿಟ್ಟವನು, ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ಕೈ ನಡುಗುವವನು. ಇನ್ನೊಬ್ಬ ‘ಯಾವಾಗಲಾದರೊಮ್ಮೆ ತಗೋತಾರೆ’ ಎನಿಸಿಕೊಂಡವನು. ಅವನಿಗೆ ಕೆಲಸವಿದೆ, ಮರ್ಯಾದೆಯಿದೆ, ಮಕ್ಕಳ ಫೀಸು ಹೊತ್ತಿಗೆ ಸರಿಯಾಗಿ ಕಟ್ಟುತ್ತಾನೆ. ಈ ಎರಡನೆಯವನು ಮೊದಲನೆಯವನನ್ನು ನೋಡಿದಾಗಲೆಲ್ಲ ತನ್ನ ಬಗ್ಗೆ ನೆಮ್ಮದಿಪಡುತ್ತಾನೆ. ತುಮಕೂರಿನ ನಮ್ಮ ಗೆಳೆಯರ ಬಳಗದಲ್ಲಿ ಹೆಚ್ಚಿನವರು ಎರಡನೆಯ ಸಾಲಿನವರು. ನಾನೂ ಅವರಲ್ಲೊಬ್ಬನಾಗಿ ಎಷ್ಟೋ ಶನಿವಾರಗಳನ್ನು ಕಳೆದಿದ್ದೇನೆ.

ಆದರೆ ಈ ಎರಡು ಸಾಲಿನ ನಡುವೆ ಉದ್ದದ ದಾರಿಯೊಂದಿದೆ. ಬಿ.ಪಿ. ಏರುವುದು, ನಿದ್ದೆ ಕೆಡುವುದು, ಲಿವರಿನಲ್ಲಿ ಕೊಬ್ಬು ಕೂಡುವುದು, ಮನೆಯವರ ಜೊತೆ ಮಾತು ಕಡಿಮೆಯಾಗುವುದು ಎಲ್ಲ ಆ ದಾರಿಯಲ್ಲೇ ನಡೆಯುತ್ತವೆ. ಬೀದಿಯಲ್ಲಿ ಬೀಳುವುದಕ್ಕೆ ಬಹಳ ಮೊದಲೇ ನಡೆಯುತ್ತವೆ. ‘ನಾನು ಕುಡುಕನೋ ಅಲ್ಲವೋ’ ಎಂದು ಕೇಳಿಕೊಂಡವನಿಗೆ ‘ಅಲ್ಲ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಕೇಳಿಕೊಳ್ಳಬೇಕಾದದ್ದು ಬೇರೆ: ನನ್ನ ವಾರದಲ್ಲಿ, ನನ್ನ ಸಂಜೆಯಲ್ಲಿ, ನನ್ನ ಒಡಲಲ್ಲಿ ಇದಕ್ಕೆ ಎಷ್ಟು ಜಾಗ ಕೊಟ್ಟಿದ್ದೇನೆ? ಅಷ್ಟು ಜಾಗ ಕೊಡಲು ನನಗೆ ನಿಜವಾಗಿಯೂ ಇಷ್ಟವಿದೆಯೇ?

ಈ ಪ್ರಶ್ನೆ ನನಗೆ ಗಟ್ಟಿಯಾಗಿ ತಗುಲಿದ್ದು ನಮ್ಮ ಭಾವನವರಿಂದ. ಅವರು ವರ್ಷವರ್ಷವೂ ಶಬರಿಮಲೆಗೆ ಮಾಲೆ ಹಾಕುವವರು. ನವೆಂಬರ್ ನಡುವಿಗೆ ಮಂಡಲ ಕಾಲ ಶುರುವಾಯಿತೆಂದರೆ ಅವರ ಕೊರಳಿಗೆ ತುಳಸಿಮಾಲೆ, ಮೈಗೆ ಕಪ್ಪು ಪಂಚೆ, ಕಾಲಿಗೆ ಚಪ್ಪಲಿಯಿಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ. ಹೆಂಡತಿ ಮಕ್ಕಳಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಬಾಯಲ್ಲೂ ಅವರು ‘ಸ್ವಾಮಿ’. 41 ದಿನ ಮಾಂಸವಿಲ್ಲ, ಬೀಡಿಯಿಲ್ಲ, ಒಂದು ಹನಿ ಕುಡಿತವಿಲ್ಲ. ಉಳಿದ ದಿನಗಳಲ್ಲಿ ರಾತ್ರಿ ಒಂದು ಕ್ವಾರ್ಟರ್ ಇಲ್ಲದೆ ಊಟಕ್ಕೆ ಕೂರದ ಮನುಷ್ಯ ಆ ದಿನಗಳಲ್ಲಿ ಅದರ ಹೆಸರನ್ನೂ ಎತ್ತುವುದಿಲ್ಲ. ಬಾರ್ ಇರುವ ಬೀದಿಯಲ್ಲೇ ನಡೆದುಹೋಗುತ್ತಾರೆ, ತಿರುಗಿಯೂ ನೋಡುವುದಿಲ್ಲ.

ಒಂದು ವರ್ಷ ವ್ರತದ ಕೊನೆಯ ವಾರದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಭಾವ ಜಗಲಿಯಲ್ಲಿ ಕೂತು ಇರುಮುಡಿಗೆ ಬೇಕಾದ ತೆಂಗಿನಕಾಯಿಗಳನ್ನು ಉಜ್ಜಿ ನುಣುಪು ಮಾಡುತ್ತಿದ್ದರು. ಮುಖ ತಿಳಿಯಾಗಿತ್ತು. ಕಣ್ಣಿನ ಕೆಳಗಿನ ಊತ ಇಳಿದಿತ್ತು.

“ಈ ದಿನಗಳಲ್ಲಿ ಮೈ ಹೇಗಿರುತ್ತೆ ಭಾವ?” ಎಂದು ಕೇಳಿದೆ.

“ಹತ್ತು ದಿನ ಕಳೀತು ಅಂದ್ರೆ ಎದೆ ಉರಿ ಅನ್ನೋದೇ ಇರಲ್ಲ ನೋಡು. ನಾಲ್ಕಕ್ಕೇ ಎದ್ರೂ ಆಯಾಸ ಇಲ್ಲ. ಬಿ.ಪಿ. ನೋಡಿಸ್ದೆ, ಡಾಕ್ಟ್ರು ಏನ್ ಸ್ವಾಮಿ ಇಷ್ಟು ಚೆನ್ನಾಗಿದೆ ಅಂದ್ರು.”

ಒಳಗೆ ಅಕ್ಕಿ ಆರಿಸುತ್ತಿದ್ದ ಅಕ್ಕ ನನಗೆ ಮಾತ್ರ ಕೇಳುವಂತೆ ಹೇಳಿದಳು: “ಈ ಒಂದೂವರೆ ತಿಂಗಳು ನಮ್ಮನೇಲಿ ಸಂಜೆ ಅನ್ನೋದು ಇರುತ್ತೆ ಕಣೋ. ಮಕ್ಕಳು ಅಪ್ಪನ ಹತ್ರ ಕೂತ್ಕೊಂಡು ಲೆಕ್ಕ ಹೇಳಿಸ್ಕೋತಾರೆ.”

ಯಾತ್ರೆ ಮುಗಿಸಿ ಬಂದು ಗುರುಸ್ವಾಮಿಗಳ ಎದುರು ಮಾಲೆ ತೆಗೆದ ಮಾರನೆಯ ದಿನವೇ ಕ್ವಾರ್ಟರ್ ಮನೆಗೆ ಮರಳಿತು. “ಯಾಕೆ ಭಾವ, ಅಷ್ಟು ಚೆನ್ನಾಗಿತ್ತು ಅಂದ್ರಲ್ಲ” ಎಂದಿದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ವ್ರತ ಮುಗೀತಲ್ಲ” ಎಂದರು. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ದೇವರಿಗೆಂದು ಬಿಟ್ಟದ್ದು, ದೇವರ ಲೆಕ್ಕ ಮುಗಿದ ಮೇಲೆ ಹಿಂದಕ್ಕೆ ಬಂತು. ಮೈಗೆಂದು ಬಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಭಾವನವರೊಬ್ಬರದೇ ಕಥೆಯಲ್ಲ ಇದು. ಶ್ರಾವಣದಲ್ಲಿ ಗಡ್ಡ, ಮಾಂಸ, ಮದ್ಯ ಮೂರನ್ನೂ ಬಿಡುವವರು ನಮ್ಮ ನಾಡಿನ ತುಂಬ ಇದ್ದಾರೆ. ರಂಜಾನ್ ತಿಂಗಳಲ್ಲಿ ಪೂರ್ತಿ ದೂರವಿರುವವರಿದ್ದಾರೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಗ್ಲಾಸ್ ಮಗುಚಿಡುವ ಮಂಗಳೂರಿನ ಗೆಳೆಯರು ನನಗಿದ್ದಾರೆ. ಇಂಗ್ಲೆಂಡಿನಲ್ಲಿ 2013ರಿಂದ ಜನವರಿ ತಿಂಗಳು ಕುಡಿಯದೆ ಇರುವ ಅಭಿಯಾನ ನಡೆಯುತ್ತಿದೆ. ನಮ್ಮವರಿಗೆ ಅದನ್ನು ಹೊಸದಾಗಿ ಕಲಿಸಬೇಕಿಲ್ಲ. ಬಿಡುವ ಶಕ್ತಿ ನಮ್ಮಲ್ಲಿದೆ, ಬಿಡುವ ಪದ್ಧತಿಯೂ ಇದೆ. ಬಿಟ್ಟಿದ್ದಾಗ ಮೈ ಏನು ಹೇಳಿತು ಎಂಬುದನ್ನು ಕೇಳಿ ನೆನಪಿಟ್ಟುಕೊಳ್ಳುವುದೊಂದೇ ನಮಗೆ ಅಭ್ಯಾಸವಾಗಿಲ್ಲ.

ಮೈ ಹೇಳುವುದರಲ್ಲಿ ಮೊದಲನೆಯದು ನಿದ್ದೆ. ‘ಒಂದೆರಡು ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತೆ’ ಎನ್ನುವವರು ಹೇಳುವುದು ರಾತ್ರಿಯ ಮೊದಲರ್ಧಕ್ಕೆ ಮಾತ್ರ ನಿಜ. ಆಲ್ಕೋಹಾಲ್ ಬೇಗ ಮಲಗಿಸುತ್ತದೆ, ಆದರೆ ಕನಸು ಬೀಳುವ ಹಂತದ ನಿದ್ದೆಯನ್ನು ಅದುಮುತ್ತದೆ. ಅದು ರಕ್ತದಿಂದ ಇಳಿಯತೊಡಗಿದಂತೆ ರಾತ್ರಿಯ ಎರಡನೆಯ ಅರ್ಧ ಚೂರುಚೂರಾಗುತ್ತದೆ. ಮೂರು ಗಂಟೆಗೆ ಬಾಯಾರಿ ಎಚ್ಚರ, ಎದೆ ಡವಡವ, ಕಾರಣವಿಲ್ಲದ ಚಿಂತೆ. ಗಂಟಲಿನ ಸ್ನಾಯುಗಳು ಸಡಿಲವಾಗಿ ಗೊರಕೆ ಹೆಚ್ಚುತ್ತದೆ. ಮಾರನೆಯ ದಿನದ ಆಯಾಸಕ್ಕೆ ವಯಸ್ಸು, ಕೆಲಸ, ಬಿಸಿಲು ಎಂದು ಏನೇನೋ ಹೆಸರು ಕೊಡುತ್ತೇವೆ. ಕೆಲವು ವಾರ ಬಿಟ್ಟು ನೋಡಿದವರಿಗೆ ಅದರ ನಿಜವಾದ ಹೆಸರು ತಿಳಿಯುತ್ತದೆ.

ಲಿವರ್ ಮಾತ್ರ ಏನನ್ನೂ ಹೇಳುವುದಿಲ್ಲ. ಅದರಲ್ಲಿ ಕೊಬ್ಬು ತುಂಬಿದಾಗ ನೋವಿಲ್ಲ, ಜ್ವರವಿಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆದು ಬರುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಬೊಜ್ಜಿನಿಂದಲೂ ಅದು ಬರಬಹುದು. ಆದರೆ ಕುಡಿತದಿಂದ ಬಂದದ್ದಾದರೆ, ಆ ಹಂತದಲ್ಲಿ ಕುಡಿಯುವುದನ್ನು ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕೊಬ್ಬು ಕರಗಿ ಲಿವರ್ ತನ್ನ ಸ್ಥಿತಿಗೆ ಮರಳಬಲ್ಲದು. ಭಾವನವರ 41 ದಿನ ಅದಕ್ಕೆ ಸಾಕಷ್ಟು ಕಾಲ. ಮುಂದಿನ ಹಂತವಾದ ಸಿರೋಸಿಸ್‌ಗೆ ಅಂಥ ಹಿಂದಿರುಗುವ ದಾರಿ ಸುಲಭವಿಲ್ಲ. ಅಲ್ಲಿಯೂ ಬಿಟ್ಟರೆ ಆಯುಸ್ಸು ಹೆಚ್ಚುತ್ತದೆ, ಆದರೆ ಗಂಟುಗಟ್ಟಿದ ಲಿವರ್ ಮೊದಲಿನಂತಾಗುವುದಿಲ್ಲ.

ಎಷ್ಟು ಕುಡಿಯುತ್ತೇವೆ ಎಂಬುದು ನಮಗೆ ಸರಿಯಾಗಿ ಗೊತ್ತಿರುವುದಿಲ್ಲ. ಈ ವಿಷಯದಲ್ಲಿ ನಾನು ಲೆಕ್ಕ ಹಾಕಿಯೇ ನೋಡಿದೆ. ನಮ್ಮ ದೇಶದ ವಿಸ್ಕಿ, ರಮ್, ಬ್ರಾಂದಿಯ ಲೇಬಲ್ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. 30 ಮಿ.ಲೀ.ನ ಒಂದು ಸ್ಮಾಲ್ ಪೆಗ್‌ನಲ್ಲಿ ಶುದ್ಧ ಆಲ್ಕೋಹಾಲ್ 10 ಗ್ರಾಂ. ನೈಂಟಿ ಎಂದರೆ 30 ಗ್ರಾಂ, ಕ್ವಾರ್ಟರ್ ಎಂದರೆ 60. ಈಗ 650 ಮಿ.ಲೀ.ನ ಸ್ಟ್ರಾಂಗ್ ಬಿಯರ್ ಬಾಟಲಿ ತೆಗೆದುಕೊಳ್ಳಿ. 8% ಎಂದಾದರೆ ಅದರಲ್ಲಿ 41 ಗ್ರಾಂ, ಅಂದರೆ ನಾಲ್ಕು ಸ್ಮಾಲ್ ಪೆಗ್‌ಗೆ ಸಮ. ‘ನಾನು ಹಾಟ್ ಮುಟ್ಟಲ್ಲ, ಬರೀ ಬಿಯರ್’ ಎನ್ನುವ ಹುಡುಗ ಎರಡು ಬಾಟಲಿ ಮುಗಿಸಿ ಎದ್ದರೆ ಒಂದು ಕ್ವಾರ್ಟರ್ ದಾಟಿ ಎಂಟು ಪೆಗ್ ಕುಡಿದಂತಾಯಿತು. ಮನೆಯಲ್ಲಿ ಕುಡಿಯುವಾಗ ಅಳತೆ ಇನ್ನೂ ಜಾರುತ್ತದೆ. ಗಾಜಿನ ಲೋಟದ ತಳದಲ್ಲಿ ಎರಡು ಬೆರಳಷ್ಟು ಎಂದು ನಾನು ಹುಯ್ಯುತ್ತಿದ್ದುದನ್ನು ಒಮ್ಮೆ ಕೆಮ್ಮಿನ ಸಿರಪ್‌ನ ಅಳತೆ ಮುಚ್ಚಳದಿಂದ ಅಳೆದೆ: 75 ಮಿ.ಲೀ. ದಾಟಿತ್ತು. ಒಂದು ಸ್ಮಾಲ್ ಪೆಗ್ ಕರಗಿಸಲು ಲಿವರಿಗೆ ಸುಮಾರು ಒಂದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ನಿಂಬೆರಸ, ಕಾಫಿ, ತಣ್ಣೀರು ಯಾವುದೂ ಆ ಕೆಲಸವನ್ನು ಬೇಗ ಮಾಡಿಸಲಾರವು.

ಕರಗಿಸುವ ದಾರಿಯಲ್ಲಿ ಲಿವರ್ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ. ಜೀವಕೋಶಗಳ ಡಿಎನ್ಎಗೆ ಪೆಟ್ಟು ಕೊಡುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ತಂಬಾಕು ಇರುವ ಮೊದಲನೆಯ ವರ್ಗದ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರ ಸ್ತನ: ಏಳು ಕಡೆಯ ಕ್ಯಾನ್ಸರಿಗೆ ಅದು ಕಾರಣವಾಗಬಲ್ಲದು. ಜೊತೆಗೆ ಬೀಡಿ, ಸಿಗರೇಟು ಸೇರಿದರೆ ಬಾಯಿ ಗಂಟಲಿನ ಅಪಾಯ ಹಲವು ಪಟ್ಟು ಬೆಳೆಯುತ್ತದೆ. 2025ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರು ಇದನ್ನೇ ಎತ್ತಿ ಹೇಳಿ, ಬಾಟಲಿಯ ಮೇಲೆ ಕ್ಯಾನ್ಸರ್ ಎಚ್ಚರಿಕೆ ಮುದ್ರಿಸಬೇಕೆಂದು ಶಿಫಾರಸು ಮಾಡಿದರು. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಹಲ್ಲೆಗೆರೆಯ ಮೊಮ್ಮಗ ಅಮೆರಿಕದವರಿಗೆ ಹೇಳಿದ್ದು ಮಂಡ್ಯದ ಬಾರುಗಳಲ್ಲಿ ಕೂತವರ ಕಿವಿಗೂ ಬೀಳಲಿ ಎಂಬುದು ನನ್ನ ಆಸೆ. ನಮ್ಮ ಬಾಟಲಿಗಳ ಮೇಲೆ ‘ಆರೋಗ್ಯಕ್ಕೆ ಹಾನಿಕರ’ ಎಂದಿದೆ, ‘ಕುಡಿದು ವಾಹನ ಓಡಿಸಬೇಡಿ’ ಎಂದಿದೆ. ಕ್ಯಾನ್ಸರ್ ಎಂಬ ಮಾತಿಲ್ಲ. ಇರಬೇಕು.

‘ಹಾರ್ಟ್‌ಗೆ ಒಳ್ಳೇದಂತಲ್ಲ’ ಎನ್ನುವವರು ಪ್ರತಿ ಬಳಗದಲ್ಲೂ ಇರುತ್ತಾರೆ. ಅದು ಅವರು ಕಟ್ಟಿದ ಮಾತಲ್ಲ. ಸ್ವಲ್ಪ ಕುಡಿಯುವವರ ಹೃದಯ ಏನೂ ಕುಡಿಯದವರದ್ದಕ್ಕಿಂತ ಗಟ್ಟಿ ಎಂದು ಹೇಳಿದ ಅಧ್ಯಯನಗಳು ನಿಜವಾಗಿಯೂ ಇದ್ದವು. ಆದರೆ ಅವುಗಳಲ್ಲಿ ಬಹಳಷ್ಟು, ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ‘ಕುಡಿಯದವರು’ ಎಂಬ ಗುಂಪಿಗೇ ಸೇರಿಸಿಬಿಟ್ಟಿದ್ದವು. ಆ ಗುಂಪು ಬಡಕಲಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ತಪ್ಪನ್ನು ಸರಿಪಡಿಸಿ ನೋಡಿದಾಗ ಲಾಭ ಬಹುಮಟ್ಟಿಗೆ ಕರಗಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ಹೇಳಿತು. ಒಂದು ಪೆಗ್‌ನವನಿಗೂ ಒಂದು ಬಾಟಲಿಯವನಿಗೂ ಅಪಾಯ ಸಮ ಎಂದು ಇದರ ಅರ್ಥವಲ್ಲ. ಕಡಿಮೆಯಾದಷ್ಟೂ ಒಳ್ಳೆಯದು ಎಂದಷ್ಟೇ. ನನಗೆ ಇದು ಧೈರ್ಯ ಕೊಡುವ ಮಾತಾಗಿ ಕಂಡಿತು. ನಾಲ್ಕನ್ನು ಎರಡು ಮಾಡಿದವನೂ ಗೆದ್ದಿದ್ದಾನೆ, ವಾರಕ್ಕೆ ಮೂರು ಸಂಜೆಯನ್ನು ಒಂದಕ್ಕೆ ಇಳಿಸಿದವನೂ ಗೆದ್ದಿದ್ದಾನೆ. ನೆಗಡಿಗೆ ಬ್ರಾಂದಿ ಕೊಡುವುದನ್ನಂತೂ ಮನೆಮನೆಯಲ್ಲೂ ನಿಲ್ಲಿಸಬೇಕು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಕಳೆಯುತ್ತದೆ.

ಕಡಿಮೆ ಮಾಡಲು ಹೊರಟವನಿಗೆ ಮೊದಲು ಎದುರಾಗುವುದು ಗೆಳೆಯರು. “ಯಾಕೆ, ಮಾತ್ರೆ ತಗೋತಿದೀಯಾ?” ಎಂಬುದು ಮೊದಲ ಪ್ರಶ್ನೆ. ಕುಡಿಯಲು ಕಾರಣ ಬೇಕಿಲ್ಲ, ಕುಡಿಯದೆ ಇರಲು ಕಾರಣ ಕೊಡಬೇಕು. ಎಷ್ಟೋ ಜನ ಆಂಟಿಬಯೋಟಿಕ್ ಕೋರ್ಸ್ ನಡೀತಿದೆ ಎಂದೋ, ಮಂಗಳವಾರ ಎಂದೋ, ಮಾವನವರು ಬಂದಿದ್ದಾರೆ ಎಂದೋ ಹೇಳಿ ತಪ್ಪಿಸಿಕೊಳ್ಳುವುದನ್ನು ನೋಡಿದ್ದೇನೆ. “ಕಂಪನಿಗೆ ಒಂದೇ ಒಂದು” ಎಂದು ಹುಯ್ಯುವ ಕೈಯಲ್ಲಿ ಪ್ರೀತಿಯೇ ಇರುತ್ತದೆ, ಅದು ನನಗೆ ಗೊತ್ತು. ಹಾಗಿದ್ದರೂ ‘ನನಗೆ ಬೇಡ’ ಎಂಬ ಮಾತಿಗೆ ಬೇರೆ ಬೆಂಬಲ ಬೇಕಾಗಬಾರದು. ಸಕ್ಕರೆ ಬೇಡವೆಂದವನ ಕಾಫಿಗೆ ನಾವು ಬಲವಂತವಾಗಿ ಸಕ್ಕರೆ ಹಾಕುವುದಿಲ್ಲವಲ್ಲ.

‘ಈಗ ಎಲ್ಲರೂ ಕುಡೀತಾರೆ’ ಎಂಬ ನಂಬಿಕೆಯೂ ಈ ಒತ್ತಾಯದ ಹಿಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುತ್ತೇವೆ ಎಂದವರು ನೂರಕ್ಕೆ 18.8, ಹೆಂಗಸರಲ್ಲಿ 1.3. ಹೇಳದೆ ಮುಚ್ಚಿಟ್ಟವರನ್ನು ಸೇರಿಸಿಕೊಂಡರೂ, ಕುಡಿಯದ ಗಂಡಸರೇ ಈ ದೇಶದಲ್ಲಿ ಹೆಚ್ಚು. ಕುಡಿಯುವವರ ನಡುವೆಯೇ ಕೂತವನಿಗೆ ಅದು ಕಾಣುವುದಿಲ್ಲ, ಅಷ್ಟೆ.

ಆರೋಗ್ಯ ಎಂದಾಗ ಕುಡಿಯುವವನ ಲಿವರ್ ಒಂದನ್ನೇ ನೋಡಿದರೆ ಸಾಲದು, ಅವನ ಮನೆಯವರನ್ನೂ ನೋಡಬೇಕು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಆ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಬಾಟಲಿ, ಟೆಟ್ರಾ ಪ್ಯಾಕ್ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ರಾಯಚೂರು ಮತ್ತು ಸುತ್ತಲಿನ ಜಿಲ್ಲೆಗಳ ಕೂಲಿ ಹೆಂಗಸರೇ ಬಹಳ ಮಂದಿ, ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು 200 ಕಿಲೋಮೀಟರ್. ಹೆದ್ದಾರಿಯ ಆ ನಡಿಗೆ ನಮ್ಮ ಊರಿನ ಮೇಲೇ ಹಾದುಹೋಯಿತು. ನಿಷೇಧದಿಂದ ಎಲ್ಲ ಸರಿಹೋಗುತ್ತದೆಂದು ನಾನು ನಂಬುವವನಲ್ಲ. ಕಳ್ಳಭಟ್ಟಿಯ ಸಾವುಗಳನ್ನು ಈ ದೇಶ ಬೇಕಾದಷ್ಟು ಕಂಡಿದೆ. ಆದರೆ ಒಡೆದ ಹಿಮ್ಮಡಿಯಲ್ಲಿ ಅಷ್ಟು ದೂರ ನಡೆದವರು ಹೇಳಿದ ಕಷ್ಟ ಮಾತ್ರ ಪೂರ್ತಿ ನಿಜ. ಏಟು ತಿನ್ನುವ ಮೈ, ಅರೆಹೊಟ್ಟೆಯ ಮಗು, ನಿದ್ದೆಯಿಲ್ಲದ ತಾಯಿ: ಒಬ್ಬನ ಕ್ವಾರ್ಟರಿನ ಆರೋಗ್ಯದ ಲೆಕ್ಕಕ್ಕೆ ಇವರೆಲ್ಲ ಸೇರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಒಂದು ಗುಟುಕು ಬೀಳದೆ ಕೈ ನಡುಕ ನಿಲ್ಲದವರು, ವ್ರತವೆಂದೋ ಆಣೆಯೆಂದೋ ಒಮ್ಮೆಗೇ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಭ್ರಮೆ, ಇಲ್ಲದ ಜನ ಕಾಣುವುದು, ಮೈಯೆಲ್ಲ ಬೆವರು, ನಡುಕ ಶುರುವಾಗಿ ಪ್ರಾಣಕ್ಕೇ ಬರಬಹುದು. ಕಾಲು ಮುರಿದು ಆಸ್ಪತ್ರೆಗೆ ಸೇರಿದವರು ಮೂರನೆಯ ರಾತ್ರಿ ‘ಹುಚ್ಚು ಹಿಡಿದಂತೆ’ ಆಡತೊಡಗುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಅಂಥವರು ವೈದ್ಯರ ಕಣ್ಗಾವಲಿನಲ್ಲಿ, ವಿಟಮಿನ್ ಬಿ1 ಮತ್ತು ಬೇರೆ ಔಷಧಿಗಳ ಆಸರೆಯಲ್ಲಿ ಬಿಡಬೇಕು. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂದು ಗೋಡೆಗಳ ಮೇಲೆ ಕಾಣುವ ಜಾಹೀರಾತುಗಳನ್ನು ನಂಬಿ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಡೈಸಲ್ಫಿರಾಮ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವುದು ತಿಳಿಯದೆ ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗಬಹುದು.

ಸಹಾಯಕ್ಕೆ ನಮ್ಮಲ್ಲಿ ಬರವಿಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸಿ, ಬಿಟ್ಟವರನ್ನು ಆಮೇಲೂ ನವಜೀವನ ಸಮಿತಿಗಳಲ್ಲಿ ಕೂಡಿಸಿಕೊಳ್ಳುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯವರು ದುಡ್ಡು ಕೇಳದೆ ಕನ್ನಡದಲ್ಲೇ ಮಾತಾಡುತ್ತಾರೆ. ನನ್ನನ್ನು ಹೆಚ್ಚು ತಟ್ಟಿದ್ದು ಗೋವಾದ ಒಂದು ಪ್ರಯೋಗ. ಅಲ್ಲಿನ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರ ಜೊತೆ ನಾಲ್ಕು ಬಾರಿಯವರೆಗೆ ಮಾತಾಡಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ತಿಂಗಳ ನಂತರ ಹಾಗೆ ಮಾತಾಡಿಸಿಕೊಂಡವರಲ್ಲಿ ನೂರಕ್ಕೆ 36 ಮಂದಿಯ ಕುಡಿತ ಅಪಾಯದ ಮಟ್ಟದಿಂದ ಇಳಿದಿತ್ತು. ಹಾಗೆ ಮಾತಾಡಿಸಿಕೊಳ್ಳದವರಲ್ಲಿ 26. ಬೈಗುಳವಿಲ್ಲದ, ಆಣೆ ಪ್ರಮಾಣವಿಲ್ಲದ ನಾಲ್ಕು ಮಾತುಕತೆ ಮಾಡಿದ ಕೆಲಸ ಅದು. ಇಂಥ ಕಡೆಗಳಲ್ಲಿ ಬಳಸುವ ಹತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ, ವಿಶ್ವ ಆರೋಗ್ಯ ಸಂಸ್ಥೆಯದು. ಎಷ್ಟು ದಿನಕ್ಕೊಮ್ಮೆ, ಕೂತರೆ ಎಷ್ಟು, ಶುರು ಮಾಡಿದ ಮೇಲೆ ನಿಲ್ಲಿಸಲು ಆಗದೆ ಹೋಯಿತೇ, ಯಾರಾದರೂ ಕಡಿಮೆ ಮಾಡು ಎಂದರೇ, ಹೀಗೆ. ‘ನೀನು ಕುಡುಕನೇ’ ಎಂಬ ಪ್ರಶ್ನೆ ಅದರಲ್ಲಿಲ್ಲ.

ಭಾವನವರ ಜೊತೆ ನಾನೂ ಹಾಗೆಯೇ ಮಾತಾಡಲು ಯತ್ನಿಸಿದೆ. ಮುಂದಿನ ವರ್ಷ ಮಾಲೆ ಹಾಕುವ ಮುಂಚಿನ ವಾರ ಬಿ.ಪಿ., ತೂಕ, ರಕ್ತಪರೀಕ್ಷೆ, ಮಾಲೆ ತೆಗೆಯುವ ಹೊತ್ತಿಗೆ ಮತ್ತೊಮ್ಮೆ ಅವನ್ನೇ ಮಾಡಿಸಿದೆವು. ಎರಡು ಚೀಟಿಗಳನ್ನೂ ಅಕ್ಕ ದೇವರ ಗೂಡಿನ ಪಕ್ಕ ಒಂದೇ ಮೊಳೆಗೆ ಸಿಕ್ಕಿಸಿದಳು. ಲಿವರಿನ ಕಿಣ್ವಗಳ ಅಂಕಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಭಾವ ಅದನ್ನು ಬಹಳ ಹೊತ್ತು ನೋಡಿ, “ಮನೆಗೆ ತರೋದು ಬೇಡ ಬಿಡು” ಎಂದರು. ಪೂರ್ತಿ ಬಿಟ್ಟಿಲ್ಲ, ಮದುವೆ ಮುಂಜಿಯಲ್ಲಿ ನೆಂಟರು ಕೂತಾಗ ತೆಗೆದುಕೊಳ್ಳುತ್ತಾರೆ. ದಿನದ ಕ್ವಾರ್ಟರ್ ಮಾತ್ರ ನಿಂತಿದೆ. ಅಕ್ಕನಿಗೆ ಸಂಜೆಗಳು ಸಿಕ್ಕಿವೆ.

ನಮ್ಮ ಬಳಗದಲ್ಲಿಯೂ ಒಂದು ಬದಲಾವಣೆ ಆಯಿತು. ಶನಿವಾರ ರಾತ್ರಿಯ ಕೂಟದಲ್ಲಿ ನಾವು ಹುಡುಕುತ್ತಿದ್ದದ್ದು ಗ್ಲಾಸಿನಲ್ಲಿದ್ದದ್ದನ್ನಲ್ಲ, ಮಾತನ್ನು ಎಂದು ಒಬ್ಬ ಹೇಳಿದ. ಹಾಗಾದರೆ ಮಾತನ್ನು ಉಳಿಸಿಕೊಂಡು ಹೊತ್ತು ಬದಲಿಸೋಣ ಎಂದು ಇನ್ನೊಬ್ಬ. ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ದೇವರಾಯನದುರ್ಗದ ಬೆಟ್ಟ ಹತ್ತುತ್ತೇವೆ, ಇಳಿದು ಬಂದು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತೇವೆ. ಕುಡಿತ ಪೂರ್ತಿ ಬಿಟ್ಟ ಮೇಲೆ ನಮ್ಮ ಕೂಟಕ್ಕೆ ಬರುವುದನ್ನೂ ಬಿಟ್ಟಿದ್ದ ಗೆಳೆಯನೊಬ್ಬನಿಗೆ ಫೋನ್ ಮಾಡಿ ಕರೆದೆವು. ಬಂದ. ಬೆಟ್ಟ ಹತ್ತುವುದರಲ್ಲಿ ನಮಗಿಂತ ಮುಂದಿರುತ್ತಾನೆ, ಮಾತಿನಲ್ಲಿಯೂ. ಬರುವ ಭಾನುವಾರ ತನ್ನ ಮಗನನ್ನೂ ಕರೆತರುತ್ತೇನೆ ಎಂದಿದ್ದಾನೆ.